ಬಣ್ಣ ಬಿಟ್ಟ ಸನ್ಯಾಸಿಯ ಸಂಸಾರ

ಇಲಿ ಲಂಗೋಟಿ ಕಡಿಯುತ್ತದೆಂದು ಬೆಕ್ಕು ಸಾಕಿ, ಬೆಕ್ಕಿಗೆ ಹಾಲು ಬೇಕೆಂದು ಹಸು ಕಟ್ಟಿ, ಹಸು ನೋಡಿಕೊಳ್ಳಲು ಮದುವೆಯಾದ ಸನ್ಯಾಸಿಯ ಕತೆ ನಿಮಗೆ ಗೊತ್ತು. ಫೋಟೋ ಹುಚ್ಚಿನ ನನ್ನ ಗೆಳೆಯನೊಬ್ಬ ಹಾಗೆಯೇ ಬಣ್ಣ ಬಿಟ್ಟ.

ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಹುಟ್ಟಾ ಬಣ್ಣಗುರುಡು. ಅದರ ಮೇಲೆ ಕೆಂಪು, ಹಸಿರು, ನೀಲಿ ಚುಕ್ಕಿಗಳ ಪರದೆ ಹೊದಿಸಿ ಬಣ್ಣ ಕಾಣಿಸುವ ಉಪಾಯಕ್ಕೆ ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದರು. 2012ರಲ್ಲಿ ಜರ್ಮನಿಯ ಲೈಕಾ ಕಂಪನಿ ಆ ಪರದೆಯನ್ನೇ ಬಿಟ್ಟು, 'ಎಂ ಮೊನೊಕ್ರೋಮ್' ಎಂದು ಹೆಸರಿಟ್ಟು, ಲೆನ್ಸ್ ಇಲ್ಲದ ಬರೀ ಡಬ್ಬಿಗೆ 7,950 ಡಾಲರ್ ಬೆಲೆ ಕಟ್ಟಿತು. ಪರದೆ ಇದ್ದ, ಅದೇ ಕಂಪನಿಯ ಎಂ9 ಕ್ಯಾಮೆರಾ ಆಗ ಅದಕ್ಕಿಂತ ಅಗ್ಗವಾಗಿತ್ತು. ಈರುಳ್ಳಿ ಹಾಕದ ದೋಸೆಗೆ ಹೆಚ್ಚು ಕಾಸು ಕೇಳಿದರೆ ನಾವು ಗಲ್ಲಾದ ಮುಂದೆ ಜಗಳಕ್ಕೆ ನಿಲ್ಲುತ್ತೇವೆ. ಗೆಳೆಯ ಜಗಳವಾಡಲಿಲ್ಲ, ಸಾಲ ಮಾಡಿದ.

ಸುಳ್ಳು ಹೇಳಬಾರದು, ಪರದೆ ಹೋದರೆ ಬೆಳಕು ಹೆಚ್ಚು ಸಿಗುತ್ತದೆ, ಚಿತ್ರ ಚೂಪಾಗುತ್ತದೆ. "ಎಂಥಾ ಶುದ್ಧ ಫೈಲು ಮಾರಾಯಾ!" ಅಂದ. ಆ ಶುದ್ಧಿಯೇ ಇಲಿಯಾಯಿತು. ಕಂಪ್ಯೂಟರಿನಲ್ಲಿ ತೆರೆದರೆ ಉಪ್ಪಿಲ್ಲದ ಗಂಜಿಯ ಹಾಗೆ ಬೂದುಬೂದಾಗಿ ಬಿದ್ದುಕೊಂಡಿತ್ತು. ಅದಕ್ಕೊಂದು ಬೆಕ್ಕು ತಂದ: ಸಿಲ್ವರ್ ಎಫೆಕ್ಸ್ ಪ್ರೊ ಎಂಬ ಪ್ಲಗಿನ್. ಈ ಬೆಕ್ಕು ನಿಕ್ ಕಂಪನಿಯಲ್ಲಿ ಹುಟ್ಟಿ, ಗೂಗಲ್ ಮನೆ ಸೇರಿ, 2016ರಲ್ಲಿ ಪುಕ್ಕಟೆಯಾಗಿ, 2017ರಲ್ಲಿ ಡಿಎಕ್ಸ್‌ಒ ಪಾಲಾಗಿ, ಈಗ ಮತ್ತೆ ದುಡ್ಡು ಕೇಳುತ್ತದೆ.

ಚಿತ್ರ ತಿದ್ದುವ ಲೈಟ್‌ರೂಮ್ ತಂತ್ರಾಂಶದಿಂದ ಪ್ಲಗಿನ್ ಒಳಗೆ ಹೋಗಬೇಕಾದರೆ ಫೈಲು ಟಿಫ್‌ನಂಥ ರೂಪ ತಾಳಬೇಕು. ಕೆಂಪು, ಹಸಿರು, ನೀಲಿ ಮೂರೂ ಚಾನೆಲ್ ಉಟ್ಟುಕೊಳ್ಳಬೇಕು. ಮೂರರಲ್ಲೂ ಅದೇ ಬೂದು. 36 ಎಂಬಿ ಫೈಲು 108 ಎಂಬಿಯಾಯಿತು. ಹಸು ಕಟ್ಟಲು ಹಾರ್ಡ್ ಡಿಸ್ಕ್ ಬಂತು.

ಪ್ಲಗಿನ್ನಿನಲ್ಲಿ ಕೆಂಪು ಫಿಲ್ಟರಿನ ಗುಂಡಿಯೂ ಇದೆ. ಒತ್ತಿದ, ಆಕಾಶ ಕಪ್ಪಾಗಲಿಲ್ಲ. ಯಾವುದು ನೀಲಿ ಎಂದು ಫೈಲಿಗೇ ಗೊತ್ತಿಲ್ಲವಲ್ಲ! ಬಣ್ಣದ ಕ್ಯಾಮೆರಾದಲ್ಲಿ ಒಂದು ಸ್ಲೈಡರ್ ಎಳೆದರೆ ಆಗುತ್ತಿದ್ದ ಕೆಲಸಕ್ಕೆ ಈಗ ಲೆನ್ಸಿನ ಮುಂದೆ ಕೆಂಪು ಗಾಜು ತಿರುಪಿದ. ಗಾಢ ಕೆಂಪಿನ ಗಾಜು ಎಂಟರಲ್ಲಿ ಏಳು ಪಾಲು ಬೆಳಕು ನುಂಗುತ್ತದೆ. ಪರದೆ ತೆಗೆದು ಗಳಿಸಿದ್ದೂ ಹೋಯಿತು, ಕೈಯಲ್ಲಿದ್ದದ್ದೂ ಹೋಯಿತು.

ಇನ್ನು ಗ್ರೇನು. ಫಿಲ್ಮಿನ ಕಾಲದಲ್ಲಿ ಚಿತ್ರದಲ್ಲಿ ರವೆರವೆ ಎದ್ದರೆ ಮಾನ ಹೋದಂತೆ. ಡೆವಲಪರ್ 20 ಡಿಗ್ರಿ ಮೀರಬಾರದೆಂದು ಬೇಸಿಗೆಯಲ್ಲಿ ಐಸು ಹುಡುಕುತ್ತಿದ್ದರು. ಈಗ ರವೆ ಇಲ್ಲದ ಫೈಲಿಗೆ ಪ್ಲಗಿನ್ನಿನಿಂದ ಕೊಡಾಕ್ ಟ್ರೈ-ಎಕ್ಸ್ ಫಿಲ್ಮಿನ ರವೆ ಉದುರಿಸುವುದೋ ಇಲ್‌ಫರ್ಡ್ ಎಚ್‌ಪಿ5 ಫಿಲ್ಮಿನ ರವೆಯೋ ಎಂದು ರಾತ್ರಿ ಎರಡರವರೆಗೆ ಚಿಂತೆ. ಅಕ್ಕಿಯನ್ನು ಪಾಲಿಶ್ ಮಾಡಿಸಿ, ತೌಡನ್ನು ಬೇರೆ ಡಬ್ಬಿಯಲ್ಲಿ ಕೊಳ್ಳುವ ಜಾಣತನ.

ಸಣ್ಣ ಗೆರೆಗಳನ್ನೂ ಎತ್ತಿ ತೋರಿಸುವ 'ಸ್ಟ್ರಕ್ಚರ್' ಎಂಬ ಸ್ಲೈಡರ್ ಕೂಡ ಪ್ಲಗಿನ್ನಿನಲ್ಲಿದೆ. ಅದು ಈ ಸಂಸಾರದ ಪಾಪದ ಕೂಸು. ಪೇಟ ಸುತ್ತಿದ ಮುದುಕರು ನಮ್ಮ ಹವ್ಯಾಸಿಗಳ ಕೈಗೆ ಸಿಕ್ಕರೆ ಮುಗಿಯಿತು. ಅರವತ್ತರವರಿಗೆ ತೊಂಬತ್ತರ ಸುಕ್ಕು, ಸುಕ್ಕಿನೊಳಗೆ ಮರಿಸುಕ್ಕು. ಗೆಳೆಯ ತನ್ನ ಮಾವನವರ ಚಿತ್ರಕ್ಕೂ ಅದನ್ನೇ ಮಾಡಿದ. "ನಾನು ಹೋದ ಮೇಲೆ ಹಾಕೋ ಫೋಟೋನಾ ಅಳಿಯಂದಿರೇ?" ಎಂದು ಅವರು ಕೇಳಿದರು. ಇವನು ಅದನ್ನು ಮೆಚ್ಚುಗೆ ಎಂದೇ ತಿಳಿದ.

ಕೊನೆಗೆ ಆ ಚಿತ್ರವನ್ನು ಬಡಾವಣೆಯ ಸ್ಟುಡಿಯೋಕ್ಕೆ ಒಯ್ದು ಪ್ರಿಂಟ್ ಹಾಕಿಸಿದೆವು. ಅಲ್ಲಿನ ಹುಡುಗ ತಲೆ ಎತ್ತದೆ ಹೇಳಿದ: "ಬ್ಲ್ಯಾಕ್ ಆಂಡ್ ವೈಟಿಗೂ ಕಲರ್ ಪೇಪರೇ ಸಾರ್, ಅದೇ ರೇಟು." ಪ್ರಿಂಟ್ ಬಂತು. ಮಾವನವರ ಕೆನ್ನೆ ತುಸು ಹಸಿರಾಗಿತ್ತು.