ಎರಡು ಟ್ರಾನ್ಸ್‌ಫಾರ್ಮರ್

ಜಪಾನಿನ ಅಚ್ಚುಗಳಿಂದ ಹುಟ್ಟಿ 1984ರಲ್ಲಿ ಹ್ಯಾಸ್‌ಬ್ರೋ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂದ ‘ಟ್ರಾನ್ಸ್‌ಫಾರ್ಮರ್ಸ್’, ಅಂದರೆ ಮಡಚಿದರೆ ಲಾರಿಯೂ ಬಿಡಿಸಿದರೆ ಯಂತ್ರಮಾನವನೂ ಆಗುವ ಆಟಿಕೆ, 2007ರಲ್ಲಿ ಮೈಕಲ್ ಬೇ ನಿರ್ದೇಶನದ ಚಿತ್ರವಾಯಿತು. ಆ ಚಿತ್ರಸರಣಿಯ 165 ನಿಮಿಷಗಳ ನಾಲ್ಕನೆಯ ಕಂತನ್ನು ಮಡಿಕೇರಿಯ ಮನೆಯೊಂದರಲ್ಲಿ ಮಗನು ತಾಯಿಗೆ ಟಿ.ವಿ.ಯಲ್ಲಿ ತೋರಿಸಿದನು.

“ಅವ್ವ, ಇದೇ ನನ್ನ ಬಾಲ್ಯ.”

“ಲಾರಿಯ ಒಂದು ಚಕ್ರ ಕಳೆದದ್ದಕ್ಕೆ ಎರಡು ದಿನ ಅತ್ತಿದ್ದೆಯಲ್ಲ ಮಗ, ಇಲ್ಲಿ ಊರೇ ಉರುಳಿದರೂ ಯಾರೂ ಅಳುವುದಿಲ್ಲವೇ?”

“ಒಳ್ಳೆಯವನು ಕೆಟ್ಟವನನ್ನು ಹೊಡೆಯುತ್ತಿದ್ದಾನೆ.”

“ಯಾರು ಯಾರೆಂದು ತಿಳಿಯುವುದು ಹೇಗೆ? ವಿಜಯದಶಮಿಯ ರಾತ್ರಿ ಟ್ರ್ಯಾಕ್ಟರ್ ಮೇಲೆ ಮೆರವಣಿಗೆ ಹೊರಡುವ ನಮ್ಮ ದಶಮಂಟಪಗಳ ಬೊಂಬೆಗಳಲ್ಲಿ ಅಸುರ ಸತ್ತದ್ದು ಹಿಂದೆ ನಿಂತವನಿಗೂ ಕಾಣುತ್ತದೆ, ಟ್ರ್ಯಾಕ್ಟರೂ ಟ್ರ್ಯಾಕ್ಟರಾಗಿಯೇ ಉಳಿಯುತ್ತದೆ.”

“ಕಥೆ ಮುಂದಿನ ಭಾಗದಲ್ಲಿದೆ.”

ಅಷ್ಟರಲ್ಲಿ ಮಳೆಗೆ ರಸ್ತೆಬದಿಯ ಟ್ರಾನ್ಸ್‌ಫಾರ್ಮರ್, ಅಂದರೆ ವಿದ್ಯುತ್ತಿನ ಒತ್ತಡವನ್ನು ತಗ್ಗಿಸುವ ಸಾಧನ, ಸಿಡಿದು ಮನೆ ಕತ್ತಲಾಯಿತು.

“ಪಾಪ,” ಎಂದಳು ತಾಯಿ ದೀಪ ಹಚ್ಚುತ್ತಾ, “ಇದು ಒಂದೇ ಸಿಡಿತಕ್ಕೆ ಮುಗಿಸಿತು.”