ಎ ವರ್ಗದ ಮಾವ

ಪಾಂಡವಪುರದ ನಮ್ಮ ಸೋದರಮಾವನ ಮನೆಗೆ ಹೋದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರೆ, ನಡುಮನೆಯಲ್ಲಿ ಕೂರುವ ಆಸೆ ಬಿಡುತ್ತಾರೆ. ದಿವಾನದ ಮೇಲೆ ಕರೆಂಟು ಬಿಲ್ಲು, ಕುರ್ಚಿಯ ಮೇಲೆ ಕಂದಾಯದ ರಸೀದಿ, ಕಿಟಕಿಯಲ್ಲಿ ಹಳೇ ಪಂಚಾಂಗಗಳ ಕಟ್ಟು. ಮದುವೆ ಮುಗಿದು ತಮ್ಮ ಮಕ್ಕಳಿಗೂ ಮದುವೆಯಾದ ಜೋಡಿಗಳ ಲಗ್ನಪತ್ರಿಕೆಗಳು ದಾರ ಬಿಗಿಸಿಕೊಂಡು ಅಟ್ಟದ ಮೇಲೆ ಕೂತಿವೆ. ನೀವೂ ಇಂಥವರೊಬ್ಬರನ್ನು ಕಂಡಿರುತ್ತೀರಿ. ಕಂಡಿಲ್ಲವಾದರೆ ಆ ಒಬ್ಬರು ನೀವೇ ಇರಬೇಕು.

ಮಾವ ಶ್ರೀರಂಗಪಟ್ಟಣದಲ್ಲಿ ಎಸ್‌ಡಿಎ ಆಗಿ ಕೆಲಸಕ್ಕೆ ಸೇರಿ, ಕೆ.ಆರ್.ಪೇಟೆ, ನಾಗಮಂಗಲ ಸುತ್ತಿಕೊಂಡು ಬಂದು, ಪಾಂಡವಪುರದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಸರ್ಕಾರಿ ರೆಕಾರ್ಡ್ ರೂಮಿನಲ್ಲಿ ಕಡತಗಳಿಗೂ ಜಾತಿ ಉಂಟು. ಎ ವರ್ಗವೆಂದರೆ ಶಾಶ್ವತ. ಬಿ 30 ವರ್ಷ, ಸಿ 10 ವರ್ಷ, ಡಿ 5, ಇ ಅಂದರೆ ಒಂದೇ ವರ್ಷದ ಆಯುಸ್ಸು. ಇಡೀ ಸರ್ವೀಸಿನಲ್ಲಿ ಮಾವನಿಗೆ ತಾನೇ ವರ್ಗ ನಿರ್ಧರಿಸುವ ಅಧಿಕಾರ ಸಿಗಲಿಲ್ಲ. ಮನೆಗೆ ಬಂದಮೇಲೆ ಸಿಕ್ಕಿತು. ಎಲ್ಲವೂ ಎ. ಹಾಲಿನವನ ಚೀಟಿಯೂ ಎ.

ಇಂಥವರ ಕೈಗೆ ಅಮೆರಿಕದ ಮಗಳು ಕಂಪ್ಯೂಟರೊಂದನ್ನು ಕೊಡಿಸಿ, ಮೇಲ್ ಐಡಿ ಮಾಡಿಕೊಟ್ಟು, ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಹಾಕಿ ವಿಮಾನ ಹತ್ತಿದಳು. ಮಾವ ಅದಕ್ಕೆ ‘ಗುಡುಗಕ್ಕಿ’ ಎಂದು ಹೆಸರಿಟ್ಟರು. ಇನ್‌ಬಾಕ್ಸ್ ‘ಆವಕ’ವಾಯಿತು, ಸೆಂಟ್ ‘ಜಾವಕ’ವಾಯಿತು. ಕೆಲಸ ಮಾಡಿದ ನಾಲ್ಕು ತಾಲ್ಲೂಕಿಗೂ ಒಂದೊಂದು ಫೋಲ್ಡರ್ ಆಯಿತು. ಬಂದ ಪ್ರತಿ ಮೇಲ್‌ಗೂ ಒಂದು ಕ್ರಮಸಂಖ್ಯೆ ಬಿತ್ತು. ಅದಕ್ಕೊಂದು ಉದ್ದನೆಯ ರಿಜಿಸ್ಟರ್ ಪುಸ್ತಕ ಬಂತು. ಲಾಟರಿಯಲ್ಲಿ ನಿಮಗೆ ಕೋಟ್ಯಂತರ ಹಣ ಬಂದಿದೆ ಎಂದು ಬರೆದ ಯಾವನೋ ವಿದೇಶಿ ಕಳ್ಳನಿಗೂ ‘ತಮ್ಮ ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ’ ಎಂಬ ಜವಾಬು ಹೋಯಿತು. ಕಳ್ಳ ಆಮೇಲೆ ಬರೆಯಲಿಲ್ಲ. ಪರಿಶೀಲನೆ ಎಂಬ ಪದದ ಅರ್ಥ ಅವನಿಗೂ ಗೊತ್ತಿತ್ತೋ ಏನೋ.

ಒಂದು ಬೆಳಿಗ್ಗೆ ಕಂಪ್ಯೂಟರಿನ ಒಳಗಿಂದ ಲೊಚ್ ಲೊಚ್ ಎಂಬ ಸದ್ದು ಬಂತು. ಅಡಿಗೆಮನೆಯಲ್ಲಿದ್ದ ಅತ್ತೆ ಹಲ್ಲಿ ನುಡಿಯಿತೆಂದು ನೆಲಕ್ಕೆ ಬೆರಳು ತಟ್ಟಿ “ಕೃಷ್ಣ ಕೃಷ್ಣ” ಅಂದರು. ಆಗ ತಾನೇ ಮಾವ “ಈ ಸಲ ಕನ್ನಂಬಾಡಿ ಕಟ್ಟೆ ತುಂಬೇ ತುಂಬುತ್ತೆ” ಅಂದಿದ್ದರಂತೆ. ಶಕುನ ಚೆನ್ನಾಗಿದೆ ಎಂದು ಇಬ್ಬರೂ ಸಂತೋಷಪಟ್ಟರು. ಹಲ್ಲಿ ಸಂಜೆಯವರೆಗೂ ನುಡಿಯಿತು. ಮಾರನೇ ದಿನ ಪರದೆ ಕಪ್ಪಾಯಿತು.

ಹಾರ್ಡ್ ಡಿಸ್ಕು ಸಾಯುವಾಗ ಮಾಡುವ ಸದ್ದು ಅದು. ಒಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 7200 ಸಲ ಸುತ್ತುತ್ತಿರುತ್ತದೆ. ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ತೆಳುವಾದ ಸಂದಿಯಲ್ಲಿ ಓದುವ ಕಡ್ಡಿ ತೇಲುತ್ತಿರುತ್ತದೆ. ಓದಲಾಗದಿದ್ದರೆ ಕಡ್ಡಿ ತನ್ನ ಜಾಗಕ್ಕೆ ವಾಪಸು ಬಂದು ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ, ಸಾಹೇಬರಿಲ್ಲದ ಕಚೇರಿಗೆ ಅಲೆಯುವ ರೈತನ ಹಾಗೆ. ಆ ಅಲೆದಾಟವೇ ಲೊಚ್ ಲೊಚ್.

ರಿಪೇರಿ ಹುಡುಗ ಹೊಸ ಡಿಸ್ಕು ಹಾಕಿ, ಹಳೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೈಗಿಟ್ಟು, “ಮೇಲ್ ಎಲ್ಲ ಹೋಯ್ತು ಅನ್ಕಳಿ ಸಾರ್” ಅಂದ. ಅವತ್ತೇ ನನಗೆ ಫೋನು.

“ಲೋ ಅಳಿಯ, ಬ್ಯಾಕಪ್ ಐತೆ ಕಣ್ಲಾ. ಬಂದು ಒಸಿ ಕುಂಡ್ರಿಸ್ಕೊಡು.”

ಭಾನುವಾರ ಮೈಸೂರಿಂದ ರೈಲು ಹತ್ತಿ ಹೋದೆ. ದಾರಿಯಲ್ಲಿ ನನಗೊಂದು ಧೈರ್ಯವಿತ್ತು: ಡಿಸ್ಕು ಹೋದರೆ ಹೋಗಲಿ, ಮೇಲ್ ಎಲ್ಲ ಜಿಮೇಲ್‌ನಲ್ಲಿ ಇದ್ದೇ ಇರುತ್ತದೆ. ತೆರೆದು ನೋಡಿದರೆ ಅಲ್ಲಿ ಬಟಾಬಯಲು. ಮಾವ ಪಾಪ್ ಪದ್ಧತಿಯಲ್ಲಿ ಮೇಲ್ ಇಳಿಸಿಕೊಳ್ಳುತ್ತಿದ್ದರು. ಇಳಿಸಿಕೊಂಡ ಮೇಲೆ ಅಲ್ಲಿನ ಪ್ರತಿ ಅಳಿಸಿಬಿಡು ಎಂದು ಆಯ್ಕೆಯನ್ನೂ ಒತ್ತಿಟ್ಟಿದ್ದರು.

“ಯಾಕ್ ಮಾವ ಹಂಗ್ ಮಾಡಿದ್ರಿ?”

“ನಮ್ ಮನೆ ಫೈಲು ಇನ್ನೊಬ್ರ ಆಫೀಸ್ನಲ್ ಯಾಕಿರ್ಬೇಕು?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡ ದೊಡ್ಡ ದೇಶಗಳೂ ಈಗ ಇದೇ ಪ್ರಶ್ನೆ ಕೇಳುತ್ತಿವೆ.

ಬ್ಯಾಕಪ್ಪು ಗಾಡ್ರೇಜ್ ಬೀರುವಿನ ಲಾಕರಿನಲ್ಲಿತ್ತು. ಅತ್ತೆಯ ಕಾಸಿನ ಸರದ ಪಕ್ಕ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಆಯುಧಪೂಜೆಯ ಕುಂಕುಮ ಹಚ್ಚಿಸಿಕೊಂಡ ಎಕ್ಸ್‌ಟರ್ನಲ್ ಡಿಸ್ಕು. ಕುಂಕುಮವನ್ನು ತೂತಿನಿಂದ ಕಡ್ಡಿಯಲ್ಲಿ ತೆಗೆದು ಚುಚ್ಚಿದೆ. ಎದ್ದು ಕೂತಿತು. ಅದರಲ್ಲಿ ತಿಂಗಳ ಹೆಸರು ಹೊತ್ತ ಇಪ್ಪತ್ತಮೂರು ಫೋಲ್ಡರ್. ಒಂದೊಂದರಲ್ಲೂ ಒಂದೇ ಒಂದು ಫೈಲು, ಎಲ್ಲದರ ತೂಕ ಎರಡೆರಡು ಕೆಬಿ. ಮಾವ ತಿಂಗಳು ತಪ್ಪದೆ, ಅಮಾವಾಸ್ಯೆ ಕಳೆದ ಮಾರನೇ ದಿನ, ಥಂಡರ್‌ಬರ್ಡಿನ ಶಾರ್ಟ್‌ಕಟ್ ಚಿತ್ರವನ್ನು ಡೆಸ್ಕ್‌ಟಾಪಿನಿಂದ ಎತ್ತಿ ಇಲ್ಲಿಗೆ ತಂದು ಹಾಕಿದ್ದರು.

ಹೇಗೆ ಹೇಳುವುದು? ಮಾವ, ಇದು ಬರೀ ದಾರಿ ತೋರಿಸುವ ಚಿತ್ರ, ಒಳಗಡೆ ಏನೂ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕ ತೆಗೆದು ಒರೆಸಿಕೊಂಡರು.

“ಅಂದ್ರೆ, ನಾಗಮಂಗಲಕ್ಕೆ ಪಂಚಲೋಹದ್ ವಿಗ್ರಹ ತರಾಕ್ ಹೋಗಿ, ಅಂಗ್ಡಿ ಬೋರ್ಡ್ ಹೊತ್ಕೊಂಡ್ ಬಂದಂಗಾಯ್ತು.”

“ಹೂಂ ಮಾವ.”

“ಇಪ್ಪತ್ಮೂರ್ ಸತಿ.”

ಅವರ ಪುಣ್ಯಕ್ಕೆ ಅದೇ ಡಿಸ್ಕಿನ ತಳದಲ್ಲಿ ಇನ್ನೊಂದು ಫೋಲ್ಡರ್ ಇತ್ತು. ಎರಡು ವರ್ಷದ ಹಿಂದಿನ ಯುಗಾದಿಗೆ ಮಗಳು ಬಂದಿದ್ದಾಗ, ಹೋಳಿಗೆ ತಿಂದ ಕೈ ತೊಳೆದು, ಥಂಡರ್‌ಬರ್ಡಿನ ಪ್ರೊಫೈಲನ್ನು ಪೂರ್ತಿ ಇಲ್ಲಿಗೆ ಇಳಿಸಿ ಯಾರಿಗೂ ಹೇಳದೆ ಹೋಗಿದ್ದಳು.

ಈ ಪ್ರೊಫೈಲ್ ಎಂಬುದು ವಿಂಡೋಸ್‌ನಲ್ಲಿ ಇರುವ ಜಾಗ ನೋಡಿದರೆ, ಇಟ್ಟವರೂ ನಮ್ಮ ಮಾವನ ವಂಶದವರೇ ಅನ್ನಿಸುತ್ತದೆ. ಆಪ್‌ಡೇಟಾ ಎಂಬ ಫೋಲ್ಡರ್ ಕಣ್ಣಿಗೇ ಬೀಳುವುದಿಲ್ಲ. ಅಡಗಿಸಿದ್ದನ್ನೂ ತೋರಿಸು ಎಂದು ಕೇಳಿಕೊಳ್ಳಬೇಕು. ಅದರೊಳಗೆ ರೋಮಿಂಗ್, ಅದರೊಳಗೆ ಥಂಡರ್‌ಬರ್ಡ್, ಅದರೊಳಗೆ ಪ್ರೊಫೈಲ್ಸ್, ಅದರೊಳಗೆ ಅರ್ಥವಿಲ್ಲದ ಅಕ್ಷರ–ಅಂಕಿಗಳ ಹೆಸರಿನ ಪ್ರೊಫೈಲು, ಅದರೊಳಗೆ ಮೇಲ್, ಅದರೊಳಗೆ ಲೋಕಲ್ ಫೋಲ್ಡರ್ಸ್. ಹೋಗುತ್ತಾ ಹೋಗುತ್ತಾ ಮಾವ “ಇದು ಬೇಲಿ ಡಂಜನ್ ಇದ್ದಂಗೈತಲ್ಲೊ” ಅಂದರು. ಶ್ರೀರಂಗಪಟ್ಟಣದಲ್ಲಿ ಕೆಲಸ ಮಾಡಿದವರು. ಬಂದ ಅತಿಥಿಗಳಿಗೆಲ್ಲ ಕರ್ನಲ್ ಬೇಲಿಯ ಸೆರೆಮನೆ ತೋರಿಸಿ ತೋರಿಸಿ ಸಾಕಾಗಿದ್ದವರು.

ಅಲ್ಲಿ ಒಂದೊಂದು ಹೆಸರಿಗೂ ಎರಡೆರಡು ಫೈಲು. ಒಂದಕ್ಕೆ ಬಾಲವಿಲ್ಲ, ಇನ್ನೊಂದಕ್ಕೆ ಎಂಎಸ್‌ಎಫ್ ಎಂಬ ಬಾಲ. ಬಾಲವಿಲ್ಲದ್ದು ಅಸಲು: ಅದೊಂದರಲ್ಲೇ ಆ ಫೋಲ್ಡರಿನ ಎಲ್ಲ ಮೇಲ್‌ಗಳೂ ಒಂದರ ಕೆಳಗೊಂದು ಹೊಲಿದುಕೊಂಡು ಕೂತಿರುತ್ತವೆ. ಬಾಲವಿರುವುದು ಬರೀ ಸೂಚಿ. ಸೂಚಿಗಳಲ್ಲಿ ಕೆಲವು ಕೆಟ್ಟಿದ್ದವು. ಫೋಲ್ಡರ್ ಒತ್ತಿದರೆ ಖಾಲಿ ಕಾಣುತ್ತಿತ್ತು. ಇದನ್ನು ಮಾವನಿಗೆ ಬಿಡಿಸಿ ಹೇಳಲು ನಾನು ಮಾತು ಹುಡುಕುತ್ತಿದ್ದೆ. ಅವರು ನನ್ನ ಮಾತನ್ನು ಅರ್ಧಕ್ಕೇ ತಡೆದರು.

“ಇಂಡೆಕ್ಸ್ ಗೆದ್ಲು ತಿಂದೈತೆ, ಬಂಡ್ಲು ಚೆನ್ನಾಗೈತೆ. ಅಷ್ಟೇ ತಾನೆ? ಇಂಡೆಕ್ಸ್ ಹರ್ದಾಕು. ಹೊಸಾದ್ ಬರ್ಕೋಬೋದು.”

ಸತ್ಯವಾಗಿ ಅಷ್ಟೇ. ಥಂಡರ್‌ಬರ್ಡನ್ನು ಮುಚ್ಚಿ, ಎಂಎಸ್‌ಎಫ್ ಬಾಲದವನ್ನೆಲ್ಲ ಅಳಿಸಿ, ಬಾಲವಿಲ್ಲದವನ್ನೂ ಒಳಕೋಣೆಗಳಾದ ಎಸ್‌ಬಿಡಿ ಫೋಲ್ಡರುಗಳನ್ನೂ ಹೊಸ ಪ್ರೊಫೈಲಿಗೆ ಇಳಿಸಿ, ಮತ್ತೆ ತೆರೆದರೆ ಅದು ತಾನೇ ಕೂತು ಹೊಸ ಸೂಚಿ ಬರೆದುಕೊಳ್ಳುತ್ತದೆ. ಕಂಪ್ಯೂಟರ್ ಓದಿದ ನನಗೆ ಇದು ತಿಳಿಯಲು ಎಷ್ಟೋ ವರ್ಷ ಹಿಡಿಯಿತು. ಮಾವನಿಗೆ ರೆಕಾರ್ಡ್ ರೂಮಿನ ಗೆದ್ದಲೇ ಕಲಿಸಿತ್ತು.

ಕಾಪಿ ಆಗುವ ಹೊತ್ತಿಗೆ ಅತ್ತೆ ಕಾಫಿ ತಂದರು. ಹಸಿರು ಗೆರೆ ತೆವಳುತ್ತಿತ್ತು. ಮಾವ ಮೂರು ಸಲ ಕಣ್ಣು ಹಾಯಿಸಿ, ಕನ್ನಂಬಾಡಿ ವೇಣುಗೋಪಾಲಸ್ವಾಮಿಯ ಕತೆ ತೆಗೆದರು. ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ, ನೀರು ನಿಂತಮೇಲೆ ಊರೂ ಗುಡಿಯೂ ಮುಳುಗಿದವು. ಬರಗಾಲದಲ್ಲಿ ಮಾತ್ರ ಗುಡಿ ತಲೆ ಎತ್ತುತ್ತಿತ್ತು. ನಮ್ಮ ಕಾಲದಲ್ಲೇ ಅದರ ಕಲ್ಲು ಕಲ್ಲಿಗೂ ಗುರುತು ಹಾಕಿ ಬಿಚ್ಚಿ, ಹಿನ್ನೀರಿನ ದಡದ ಹೊಸ ಕನ್ನಂಬಾಡಿಗೆ ಸಾಗಿಸಿ ಮತ್ತೆ ಕೂಡಿಸಿದರು. “ಅದು ಬ್ಯಾಕಪ್ ಅಂದ್ರೆ. ಕಲ್ಲಿಗೆ ನಂಬರ್ ಇತ್ತು, ದೇವ್ರು ವಾಪಸ್ ಬಂದ. ನಂಬರ್ ಇಲ್ದಿದ್ರೆ? ಗೋಪುರದ ಕಲ್ಲು ಬಚ್ಚಲಿಗೆ.”

ಫೋಲ್ಡರುಗಳು ಬಂದವು. ಆದರೆ ಕೆ.ಆರ್.ಪೇಟೆ ಇಲ್ಲ, ಪಾಂಡವಪುರವೂ ಇಲ್ಲ. ನನಗೆ ಬೆವರು. ಮಾವ ನಗುತ್ತಾ ಬೆರಳಿಟ್ಟು ತೋರಿಸಿದರು: ‘ಅತ್ತಿಗುಪ್ಪೆ’, ‘ಹಿರೋಡೆ’. ಕೆ.ಆರ್.ಪೇಟೆಯ ಹಳೇ ಹೆಸರು ಅತ್ತಿಗುಪ್ಪೆ. ಪಾಂಡವಪುರ ಫ್ರೆಂಚ್ ರಾಕ್ಸ್ ಆಗುವ ಮುಂಚೆ ಹಿರೋಡೆ. ಹಳೇ ಹೆಸರಲ್ಲಿಟ್ಟರೆ ಕಳ್ಳರಿಗೆ ಸಿಗುವುದಿಲ್ಲವಂತೆ. ಪಾಸ್‌ವರ್ಡ್ ಮಾತ್ರ ಮಾನಿಟರಿನ ಅಂಚಿಗೆ ಚೀಟಿ ಬರೆದು ಅಂಟಿಸಿದ್ದರು.

ಮೊದಲ ಮೇಲ್ ಒತ್ತಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ: ಪೌಂಡಿನ ಗುರುತು, ತಲೆಯ ಮೇಲೆ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು. ಅತ್ತೆ ಇಣುಕಿ “ಯಾರೋ ಮಾಟ ಮಾಡ್ಸವ್ರೆ” ಅಂದರು. ಹಳೇ ನುಡಿ ಫಾಂಟಿನಲ್ಲಿ ಒತ್ತಿದ ಮೇಲ್‌ಗಳು ಅವು. ಯುನಿಕೋಡ್ ಬಳಕೆಗೆ ಬರುವ ಮುಂಚೆ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡ ಬಾಡಿಗೆಗಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮನೆ ಮಾಲೀಕರ ಮುಖವೇ ಕಾಣುತ್ತದೆ. ಫಾಂಟ್ ತಂದು ಹಾಕಿದೆ. ಕೊಂಬುಗಳೆಲ್ಲ ಒತ್ತಕ್ಷರಗಳಾಗಿ ಕೆಳಗಿಳಿದವು.

ಶ್ರೀರಂಗಪಟ್ಟಣದ ಫೋಲ್ಡರ್ ಪೂರ್ತಿ ತಿಥಿ. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬರುವ ನೆಂಟರೆಲ್ಲ ಮಾವನಿಗೇ ಬರೆಯುವವರು: ಎಷ್ಟು ಹೊತ್ತಿಗೆ ಬರಬೇಕು, ಪುರೋಹಿತರಿಗೆ ಎಷ್ಟು, ಆಮೇಲೆ ಊಟ ಎಲ್ಲಿ. ಕೆ.ಆರ್.ಪೇಟೆಯದು ಜಾತಕ, ಹುಡುಗಿ ಎತ್ತರ, ಹುಡುಗನ ಸಂಬಳ, ಹೊಸಹೊಳಲು ದೇವಸ್ಥಾನದಲ್ಲಿ ‘ಅಕಸ್ಮಾತ್ತಾಗಿ’ ಭೇಟಿಯಾಗುವ ಏರ್ಪಾಡು. ನಾಗಮಂಗಲದ್ದು ಪಹಣಿ, ಪಾಲುಪಟ್ಟಿ, ಅಣ್ಣತಮ್ಮಂದಿರ ಜಗಳ. ಪಾಂಡವಪುರದ್ದು ಒಂದೇ ವಿಷಯ, ದಿನಕ್ಕೊಂದು: ಇವತ್ತು ಕಟ್ಟೆಯ ನೀರು ಎಷ್ಟು ಅಡಿ ಎಂದು ಮಾವ ಮಗಳಿಗೆ ಬರೆದ ಮೇಲ್. 124.80 ಮುಟ್ಟಿದ ದಿನ ಮಾತ್ರ ಕೆಂಪು ಅಕ್ಷರ. ಮಗಳ ಉತ್ತರ ಎಲ್ಲದಕ್ಕೂ ‘ಓಕೆ ಅಪ್ಪ’. ಅವೂ ಎ ವರ್ಗ.

ಉಳಿದದ್ದು ಮಗಳು ಬಂದುಹೋದ ಮೇಲಿನ ಎರಡು ವರ್ಷ. ಅದು ಹೋದದ್ದೇ ಅಂದೆ. ಸತ್ತ ಡಿಸ್ಕನ್ನು ಏನು ಮಾಡೋಣ ಎಂಬ ಮಾತು ಬಂತು. “ಪಶ್ಚಿಮವಾಹಿನಿಗ್ ಬುಟ್ಬುಟ್ ಬನ್ನಿ, ಹೆಂಗೂ ಅಲ್ ನಿಮ್ಗೆ ಪರಿಚಯದವ್ರವ್ರೆ” ಅಂದರು ಅತ್ತೆ. ಮಾವ ಅದಕ್ಕೆ ಚೀಟಿ ಅಂಟಿಸಿ ಲಾಕರಿನಲ್ಲೇ ಇಟ್ಟರು.

ಹದಿನೈದು ದಿನ ಕಳೆದು ನಮ್ಮ ಮನೆಗೆ ಅಂಚೆಯಲ್ಲಿ ಒಂದು ಕಾಗದ ಬಂತು. ‘ತಾವು ಕಳೆದ ಎರಡು ವರ್ಷಗಳಲ್ಲಿ ನಮಗೆ ಕಳುಹಿಸಿರುವ ಎಲ್ಲ ಮೇಲ್‌ಗಳ ಪ್ರತಿಗಳನ್ನು ಜರೂರಾಗಿ ಮರುರವಾನೆ ಮಾಡಬೇಕಾಗಿ ಕೋರಿದೆ.’ ಕೆಳಗೆ ಜಾವಕ ಸಂಖ್ಯೆ. ನಾಲ್ಕು ತಾಲ್ಲೂಕಿನ ನೆಂಟರಿಗೂ ಹೋಗಿತ್ತು. ನಾವೆಲ್ಲ ಅಳಿಸಿದ್ದೆವು; ಕೈಗೆ ಸಿಕ್ಕಿದ್ದು ಕಳಿಸಿ ಕೈತೊಳೆದುಕೊಂಡೆವು.

ಮುಂದಿನ ಸಲ ಹೋದಾಗ ಮಾವ ಒಂದು ಲಕೋಟೆ ಹಿಡಿದು ಹಿಗ್ಗುತ್ತಿದ್ದರು. ಕೆ.ಆರ್.ಪೇಟೆಯ ಬೀಗರದು, ಅವರೂ ರಿಟೈರ್ಡು, ಅವರದೂ ಕಚೇರಿ ಸರ್ವೀಸು. ‘ತಮ್ಮ ಪತ್ರ ತಲುಪಿದೆ. ಸದರಿ ಅವಧಿಯ ಎಲ್ಲ ಮೇಲ್‌ಗಳೂ ನಮ್ಮ ಕಡತದಲ್ಲಿ ಸುರಕ್ಷಿತವಾಗಿವೆ. ದೃಢೀಕೃತ ನಕಲು ಬೇಕಾದಲ್ಲಿ ಅರ್ಜಿಯೊಂದಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸತಕ್ಕದ್ದು.’

“ನೋಡ್ಲಾ, ಮನ್ಸ ಅಂದ್ರೆ ಹಿಂಗಿರ್ಬೇಕು” ಅಂದವರೇ ಮಾವ ಚಪ್ಪಲಿ ಮೆಟ್ಟಿಕೊಂಡು ಪೋಸ್ಟಾಫೀಸಿಗೆ ಹೊರಟರು. ಲಕೋಟೆಗೆ ಆವಕ ಸಂಖ್ಯೆ ಬಿದ್ದಿಲ್ಲವೆಂದು ನೆನಪಾಗಿ, ಅರ್ಧ ದಾರಿಯಿಂದ ವಾಪಸು ಬಂದರು.