ಪುಕ್ಕಟೆ ಪರೀಕ್ಷೆಯ ಮೂರು ತಾಲೂಕುಗಳು

ಪುತ್ತೂರಿನ ಅಡಿಕೆ ಅಂಗಡಿಗೆ ಗೋಣಿ ಕೊಂಡುಹೋದರೆ ಅಂಗಡಿಯವರು ಮೊದಲು ಅದರೊಳಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆಯುತ್ತಾರೆ. ಎರಡನ್ನು ತುಂಡು ಮಾಡಿ ಒಳಗಿನ ಬಣ್ಣ ನೋಡುತ್ತಾರೆ. ಹೆಚ್ಚೆಂದರೆ ಒಂದು ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಲ್ಲಿಗೆ ಪರೀಕ್ಷೆ ಮುಗಿಯಿತು, ರೇಟು ಹೇಳುತ್ತಾರೆ. ‘ಒಂದು ಗೋಣಿ ಬಿಟ್ಟುಹೋಗಿ, ತಿಂದು ನೋಡಿ ಆಮೇಲೆ ತಿಳಿಸುತ್ತೇವೆ’ ಎಂದವರನ್ನು ನಾನು ಕಂಡಿಲ್ಲ. ಹಾಗೆ ಹೇಳಿದರೆ ನಮ್ಮ ಅಪ್ಪ ಗೋಣಿಯನ್ನು ಮತ್ತೆ ಜೀಪಿಗೆ ಹಾಕಿಸಿ ಪಕ್ಕದ ಅಂಗಡಿಗೆ ನಡೆದಾರು. ಇಂಥ ಅಪ್ಪನ ಮಗನಾದ ನಾನು ಮಾತ್ರ ಕಾಣದ ಊರಿನ ಕಾಣದ ಕಂಪನಿಗಳ ಬಾಗಿಲಲ್ಲಿ ಗೋಣಿಗಟ್ಟಲೆ ಕೋಡ್ ಇಳಿಸಿ ಬಂದಿದ್ದೇನೆ.

ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದು, ಲಾಕ್‌ಡೌನ್ ಮುಗಿದ ಮೇಲೂ ತೋಟದಲ್ಲೇ ಉಳಿದವರ ಪೈಕಿ ನಾನೂ ಒಬ್ಬ. ಸಂಬಳದ ಕೆಲಸ ಬಿಟ್ಟು ಕಾಂಟ್ರಾಕ್ಟಿನ ಕೆಲಸ ಹಿಡಿದೆ. ಫ್ರೀಲಾನ್ಸ್ ಎಂದರೆ ಸ್ವತಂತ್ರವಾಗಿ ದುಡಿಯುವುದು ಎಂದು ಮನೆಯಲ್ಲಿ ವಿವರಿಸಿದೆ. ‘ಫ್ರೀ ಅಂತ ಗೊತ್ತಾಯ್ತು, ದುಡಿಯುವುದು ಯಾವಾಗ?’ ಎಂದು ಅಮ್ಮ ಕೇಳಿದಳು.

ಈ ದಂಧೆಯಲ್ಲಿ ಕೆಲಸಕ್ಕೆ ಮುಂಚೆ ಪರೀಕ್ಷೆ. ಅದರಲ್ಲಿ ಎರಡು ಜಾತಿ. ಮೊದಲನೆಯದು ಕ್ಯಾಮೆರಾ ಇಟ್ಟು ಕಾಯುವ ಪರೀಕ್ಷೆ. ಪರದೆಯ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿರುತ್ತದೆ. ಕೋಣೆಯಲ್ಲಿ ಇನ್ನೊಬ್ಬರು ಇರಕೂಡದು, ಪಕ್ಕಕ್ಕೆ ನೋಡಕೂಡದು, ಬೇರೆ ಪುಟ ತೆರೆಯಕೂಡದು. ಇದನ್ನು ರೂಪಿಸಿದವರು ಹಂಚಿನ ಮನೆಯಲ್ಲಿ ಕೂತವರಲ್ಲ. ಮಾಡಿನಿಂದ ಹಲ್ಲಿ ಬಿದ್ದರೆ ಮನುಷ್ಯ ಮೇಲೆ ನೋಡಿಯೇ ನೋಡುತ್ತಾನೆ. ಕ್ಯಾಮೆರಾ ಅದನ್ನು ‘ಸಂಶಯಾಸ್ಪದ ಚಲನೆ’ ಎಂದು ಬರೆದುಕೊಳ್ಳುತ್ತದೆ. ಅಜ್ಜಿ ಚಾ ತಂದಳು. ‘ಎರಡನೇ ಮುಖ ಪತ್ತೆಯಾಗಿದೆ’ ಎಂಬ ಕೆಂಪು ಎಚ್ಚರಿಕೆ ಬಂತು. ಯಾರೋ ನೋಡುತ್ತಿದ್ದಾರೆ ಅಜ್ಜೀ, ಹೊರಗೆ ಹೋಗು ಎಂದು ಪಿಸುಗುಟ್ಟಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಹತ್ತಿರ ಬಗ್ಗಿ, ‘ಅವರಿಗೂ ಒಂದು ಲೋಟ ಚಾ ಆಗಬಹುದಾ ಕೇಳು’ ಎಂದಳು. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಅದರ ಹಿಂದೆಯೇ ಹೋಗುತ್ತದೆ. ಗಡಿಯಾರ ಮಾತ್ರ ಎಲ್ಲಿಯೋ ಅಮೆರಿಕದಲ್ಲಿದ್ದುದರಿಂದ ನಿಲ್ಲಲಿಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಸಿಗ್ನಲಿಗಾಗಿ ರಸ್ತೆಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತ್ತು. ಅದು ಪಾಠ, ಆದ್ದರಿಂದ ಕೊಡೆ ಹಿಡಿದವರು ಕಣ್ಣಿಗೆ ಬಿದ್ದರು. ಪರೀಕ್ಷೆಯಾಗಿದ್ದರೆ ‘ಎರಡನೇ ಮುಖ’ ಎಂದು ಅವರನ್ನೂ ಹೊರಗೆ ಹಾಕುತ್ತಿದ್ದರು.

ಎರಡನೆಯದು ಮನೆಗೆ ಕೊಟ್ಟುಕಳಿಸುವ ಅಸೈನ್‌ಮೆಂಟು. ಎರಡು ಮೂರು ಗಂಟೆಯ ಕೆಲಸ ಎಂದು ಬರೆದಿರುತ್ತಾರೆ. ಒಂದು ಕಂಪನಿ ನನಗೆ ಕೊಟ್ಟದ್ದು ಹೋಮ್‌ಸ್ಟೇ ಕಾದಿರಿಸುವ ಆಪ್‌ನ ಲಾಗಿನ್ ಭಾಗ. ಒಟಿಪಿ ಬರಬೇಕು, ಪಾಸ್‌ವರ್ಡ್ ಮರೆತವರಿಗೆ ದಾರಿ ಬೇಕು, ಮೊಬೈಲಿನಲ್ಲೂ ಚಂದ ಕಾಣಬೇಕು, ಟೆಸ್ಟುಗಳನ್ನೂ ಬರೆದಿರಬೇಕು, ಸರ್ವರಿಗೆ ಏರಿಸಿ ಕೊಂಡಿ ಕಳಿಸಬೇಕು. ಮೂರು ಗಂಟೆಯಲ್ಲಿ ಇಷ್ಟು ಮಾಡುವವನಿಗೆ ಕೆಲಸ ಯಾಕೆ ಬೇಕು? ಅವನು ಆ ಕಂಪನಿಯನ್ನೇ ಕೊಂಡುಕೊಳ್ಳಬಹುದು. ಹಗಲು ರಾತ್ರಿ ಕೂತು ಮಾಡಿ ಕಳಿಸಿದೆ. ಉತ್ತರ ಬರಲಿಲ್ಲ.

ಕೆಲವು ವಾರ ಕಳೆದು ನಿಂತಿಕಲ್ಲು ಕಡೆ ಒಂದು ಮದುವೆ. ಪುತ್ತೂರು, ಸುಳ್ಯ, ಕಡಬ ಮೂರೂ ಕಡೆಯ ನೆಂಟರು ಬಂದು ಸೇರುವ ಜಾಗ ಅದು. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಸುಳ್ಯದ ಭಾವ, ಬಲಕ್ಕೆ ಕಡಬದ ಗೆಳೆಯ. ಇಬ್ಬರೂ ನನ್ನ ಹಾಗೆಯೇ ತೋಟದ ಮನೆಯಲ್ಲಿ ಕೂತು ಕೋಡ್ ಬರೆಯುವವರು. ಸಾರು ಬಡಿಸುವಾಗ ಭಾವ, ‘ಎಂತ ಭಾವ, ಈಗ ಎಂತ ಕೆಲಸ?’ ಎಂದ. ಹೋಮ್‌ಸ್ಟೇ ಆಪ್‌ನ ಲಾಗಿನ್ ಮಾಡಿಕೊಟ್ಟ ಕಥೆ ಹೇಳಿದೆ. ಭಾವನ ಕೈ ಅನ್ನದಲ್ಲೇ ನಿಂತಿತು. ‘ಹೋಮ್‌ಸ್ಟೇಯಾ? ನನಗೆ ಪೇಮೆಂಟಿನ ಭಾಗ ಕೊಟ್ಟಿದ್ರು ಮಾರಾಯ!’ ಬಲಗಡೆಯವನು ಮಾತಾಡದೆ ಒಂದು ಹಪ್ಪಳ ಮುಗಿಸಿ, ‘ನನಗೆ ರೂಮಿನ ಕ್ಯಾಲೆಂಡರ್, ಮತ್ತೆ ಮಾಲೀಕರಿಗೆ ತಿಂಗಳ ರಿಪೋರ್ಟು’ ಎಂದ. ಪಾಯಸ ಬರುವ ಹೊತ್ತಿಗೆ ಮೂರೂ ಸೇರಿ ಇಡೀ ಆಪ್ ಬಾಳೆಲೆಯ ಮೇಲೆ ಎದ್ದುನಿಂತಿತ್ತು. ಕೊರತೆ ಎಂದರೆ ರದ್ದು ಮಾಡಿದವರಿಗೆ ಹಣ ವಾಪಸು ಕೊಡುವ ಭಾಗ. ಅದು ಬೆಳ್ತಂಗಡಿಯಲ್ಲಿ ಯಾರಿಗಾದರೂ ಹೋಗಿರಬೇಕು.

ಎದುರಿನ ಸಾಲಿನಲ್ಲಿ ಪುತ್ತೂರು ಕೋರ್ಟಿನಲ್ಲಿ ವಕೀಲರಾಗಿರುವ ದೊಡ್ಡಪ್ಪ ಕೂತಿದ್ದರು. ಭಾವ ಅವರಲ್ಲಿ ದೂರು ಒಪ್ಪಿಸಿದ: ಸಂವಿಧಾನದ 23ನೇ ವಿಧಿಯಲ್ಲಿ ಬಿಟ್ಟಿ ಚಾಕರಿ ನಿಷಿದ್ಧ ಅಲ್ಲವಾ? ದೊಡ್ಡಪ್ಪ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ‘ಅದು ಬಲಾತ್ಕಾರವಾಗಿ ಮಾಡಿಸಿದರೆ. ನಿಮ್ಮನ್ನು ಯಾರಾದರೂ ಎಳೆದುಕೊಂಡು ಹೋದರಾ? ನೀವೇ ಹೋಗಿ ಸಾಲಿನಲ್ಲಿ ನಿಂತದ್ದು’ ಎಂದರು. ಆದರೆ ಒಂದು ಸಮಾಧಾನವನ್ನೂ ಕೊಟ್ಟರು. 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿಯೇ. ಸಹಿ ಹಾಕಿ ಬರೆದುಕೊಡದಿದ್ದರೆ ಅದು ಬರೆದವನದ್ದೇ.

ಆ ಕ್ಷಣ ನನಗೆ ರೋಮಾಂಚನವಾದದ್ದು ಸುಳ್ಳಲ್ಲ. ಕಾನೂನಿನ ಕಣ್ಣಿನಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯೂ ನನ್ನ ಲಾಗಿನ್ ಪುಟವೂ ಒಂದೇ ಕಪಾಟಿನವು! ಪರ್ಲಡ್ಕದ ಬಾಲವನಕ್ಕೆ ಹೋಗಿ, ‘ಮೊದಲ ಮೂರು ಅಧ್ಯಾಯ ಪುಕ್ಕಟೆ ಬರೆದುಕೊಡಿ, ಶೈಲಿ ಹಿಡಿಸಿದರೆ ಮುಂದೆ ನೋಡುವ’ ಎಂದು ಕಾರಂತರ ಮುಂದೆ ಯಾರಾದರೂ ನಿಂತಿದ್ದರೆ ಏನಾಗುತ್ತಿತ್ತು ಎಂದು ಪುತ್ತೂರಿನವರಿಗೆ ವಿವರಿಸಬೇಕಾಗಿಲ್ಲ.

‘ಅಡಿಕೆಗೆ ರೇಟು ಬಿದ್ದು ಕೃಷಿಕರು ಕಂಗಾಲಾದಾಗ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಘ ಕಟ್ಟಿದರು. ನೀವೂ ಒಂದು ಕಟ್ಟಿ’ ಎಂದು ದೊಡ್ಡಪ್ಪ ಸಲಹೆ ಕೊಟ್ಟರು. ನಮಗೂ ಹುರುಪು ಬಂತು. ಸಂಘದ ಮೊದಲ ಸಭೆ ಮಜ್ಜಿಗೆ ಬಡಿಸುವಾಗ ಸುರುವಾಯಿತು. ಕೋಡಿನ ಸಾಲನ್ನು ಒಳಕ್ಕೆ ಸರಿಸಲು ಟ್ಯಾಬ್ ಒತ್ತಬೇಕೋ ಸ್ಪೇಸ್ ಒತ್ತಬೇಕೋ ಎಂಬಲ್ಲಿ ಮಾತಿಗೆ ಮಾತು ಬೆಳೆದು, ಕೈ ತೊಳೆಯುವ ಹೊತ್ತಿಗೆ ಸಂಘ ಬರ್ಖಾಸ್ತಾಯಿತು. ಅಡಿಕೆ ಬೆಳೆಗಾರರ ನಡುವೆ ಇಂಥ ತಾತ್ವಿಕ ಭೇದಗಳು ಇಲ್ಲದ್ದು ಅವರ ಪುಣ್ಯ.

ಹೊರಗಿನ ಪ್ರಪಂಚವೇನೂ ಮೇಲಲ್ಲ. 2015ರಲ್ಲಿ ಮ್ಯಾಕ್ಸ್ ಹೋವೆಲ್ ಎಂಬವರು ಗೂಗಲಿನ ಸಂದರ್ಶನದಲ್ಲಿ ಬಿದ್ದರು. ಅವರು ಬರೆದ ಹೋಮ್‌ಬ್ರೂ ಎಂಬ ತಂತ್ರಾಂಶವನ್ನು ಗೂಗಲಿನ ಎಂಜಿನಿಯರುಗಳೇ ಬಳಸುತ್ತಿದ್ದರಂತೆ. ಆದರೆ ಬೋರ್ಡಿನ ಮೇಲೆ ಬೈನರಿ ಟ್ರೀಯನ್ನು ತಿರುಗುಮುರುಗು ಮಾಡಿ ತೋರಿಸಲಿಕ್ಕೆ ಬರಲಿಲ್ಲವೆಂದು ಬೇಡವಾದರು. ಹೀಗೆಂದು ಟ್ವಿಟರಿನಲ್ಲಿ ಅವರೇ ಬರೆದುಕೊಂಡರು. ನಮ್ಮ ತೋಟದಲ್ಲಿ ಮುಂಗಾರಿನ ಮೊದಲ ಗಾಳಿಗೆ ಮರಗಳು ತಾವಾಗಿಯೇ ತಲೆಕೆಳಗಾಗುತ್ತವೆ, ಯಾವ ಗೂಗಲಿಗೂ ಅದು ಕಾಣುವುದಿಲ್ಲ. ಒಳ್ಳೆಯವರೂ ಇಲ್ಲವೆಂದಲ್ಲ. ವರ್ಡ್‌ಪ್ರೆಸ್‌ನ ಹಿಂದಿರುವ ಆಟೊಮ್ಯಾಟಿಕ್ ಕಂಪನಿ ಪರೀಕ್ಷೆಯ ಕೆಲಸಕ್ಕೂ ಗಂಟೆಗೆ 25 ಡಾಲರ್ ಕೊಡುವ ಪದ್ಧತಿ ಇಟ್ಟಿತು. ಫ್ರೀಲಾನ್ಸ್ ಕೆಲಸದ ದೊಡ್ಡ ಸಂತೆಯಾದ ಅಪ್‌ವರ್ಕ್‌ನ ನಿಯಮದಲ್ಲಿ ಪುಕ್ಕಟೆ ಕೆಲಸ ಕೇಳುವಂತೆಯೇ ಇಲ್ಲ. ಹೌದು, ಅಲ್ಲಿ ಅರ್ಜಿ ಹಾಕಲಿಕ್ಕೆ ‘ಕನೆಕ್ಟ್’ಗಳೆಂಬ ಟೋಕನುಗಳನ್ನು ನಾವೇ ದುಡ್ಡು ಕೊಟ್ಟು ಕೊಳ್ಳಬೇಕು, ಆ ಮಾತು ಬೇರೆ.

ಪರೀಕ್ಷೆ ಮಾಡುವುದು ನಮ್ಮ ಯೋಗ್ಯತೆ ತಿಳಿಯಲಿಕ್ಕೆ ಎಂದು ನಂಬಿದ್ದೆ. ಹಾಗಲ್ಲವೆಂದು ತಿಳಿದದ್ದು ನಮ್ಮ ಅಂಗಳದಲ್ಲಿ, ಮಳೆಗೆ ಮುಂಚೆ ಅಡಿಕೆಗೆ ಬೋರ್ಡೋ ಔಷಧಿ ಬಿಡುವ ಕಾಲದಲ್ಲಿ. ಸುಳ್ಯದಲ್ಲಿ ಒಂದು, ಪುತ್ತೂರಿನಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜು ವರ್ಷವರ್ಷವೂ ನನ್ನಂಥವರನ್ನು ತಯಾರಿಸಿ ಬಿಡುತ್ತವೆ. ಅಡಿಕೆ ಮರ ಹತ್ತುವವರನ್ನು ತಯಾರಿಸುವ ಕಾಲೇಜು ಇಲ್ಲ. ಹೀಗಾಗಿ ನಮ್ಮಲ್ಲಿ ಸಂದರ್ಶನ ತಿರುಗುಮುರುಗು. ಮರ ಹತ್ತುವ ಅಣ್ಣ ಬಂದು ಚಾವಡಿಯಲ್ಲಿ ಕೂತರು, ಪ್ರಶ್ನೆ ಕೇಳಿದರು. ಮರ ಎಷ್ಟೆತ್ತರ ಉಂಟು ಭಟ್ರೇ? ತೋಟ ಇಳಿಜಾರಾ? ಸುಣ್ಣ, ಮೈಲುತುತ್ತು ಕಲಸಿಕೊಡುವುದು ಯಾರು? ಮಧ್ಯಾಹ್ನದ ಮೇಲೆ ಮಳೆ ಬಂದರೆ ಲೆಕ್ಕ ಹೇಗೆ? ಅಪ್ಪ ಪ್ರತಿಯೊಂದಕ್ಕೂ ವಿನಯದಿಂದ ಉತ್ತರಿಸಿದರು, ಕೇಳದಿದ್ದರೂ ಹಿಂದಿನ ವರ್ಷ ಹತ್ತಿದವರ ಹೆಸರು ಹೇಳಿ ಶಿಫಾರಸು ಕೊಟ್ಟರು. ಅವರು ತೋಟಕ್ಕೆ ಇಳಿದು ಮೇಲೆ ಕೆಳಗೆ ನೋಡಿ, ‘ನೋಡುವ, ತಿಳಿಸ್ತೇನೆ’ ಎಂದು ಬೈಕ್ ಹತ್ತಿದರು. ಅಪ್ಪ ಎರಡು ದಿನ ಫೋನನ್ನು ಬಚ್ಚಲಿಗೂ ಒಯ್ದರು. ಒಂದು ಮರ ಪುಕ್ಕಟೆ ಹತ್ತಿ ತೋರಿಸು ಎಂಬ ಮಾತು ಅಪ್ಪನ ಬಾಯಲ್ಲಿ ಬರುವುದಿರಲಿ, ಮನಸ್ಸಿನಲ್ಲೂ ಸುಳಿದಿರಲಿಕ್ಕಿಲ್ಲ.

ಅಪ್ಪ ಪಾಸಾದರು. ಬೋರ್ಡೋ ಬಿಟ್ಟು ಮುಗಿದ ಸಂಜೆ ಆ ಅಣ್ಣ ನನ್ನಲ್ಲಿಗೆ ಬಂದು, ಫೋನಿನಲ್ಲಿ ಜಾಗ ತುಂಬಿ ಫೋಟೊ ತೆಗೆಯಲಿಕ್ಕೆ ಆಗುತ್ತಿಲ್ಲ, ಸರಿಮಾಡಿಕೊಡಿ ಎಂದರು. ವಾಟ್ಸಾಪಿನ ಶುಭೋದಯಗಳನ್ನೆಲ್ಲ ಗುಡಿಸಿ ಹಾಕಿ ಕೊಟ್ಟೆ. ಅವರು ಕಿಸೆಯಿಂದ ನೂರರ ನೋಟು ತೆಗೆದು ಮೇಜಿನ ಮೇಲಿಟ್ಟರು. ಬೇಡ ಅಣ್ಣ, ಇದಕ್ಕೆಲ್ಲ ಎಂತ ದುಡ್ಡು ಎಂದೆ.

‘ಇರ್ಲಿ, ಇಟ್ಟುಕೊಳ್ಳಿ,’ ಎಂದರು. ‘ಇಲ್ಲದಿದ್ರೆ ನಾಳೆ ನೀವು ಎರಡು ಮರ ಹಾಗೇ ಹತ್ತಿಕೊಡು ಅಂತೀರಿ.’

ನೋಟನ್ನು ಅಮ್ಮನಿಗೆ ಕೊಟ್ಟೆ. ತಿರುಗಿಸಿ ನೋಡಿ, ‘ಅಮೆರಿಕದ್ದಾ?’ ಎಂದಳು.